ಕರಿಕಲ್ಲಿನ ಕೆಳಗೆ, ಕೊಳವೆಯ ಒಳಗೆ

ನಾಸಿಕದಿಂದ ಪಶ್ಚಿಮಕ್ಕೆ, ತ್ರ್ಯಂಬಕೇಶ್ವರದ ಬೆನ್ನಿಗೆ ನಿಂತಿರುವ ಬ್ರಹ್ಮಗಿರಿಯನ್ನು ಏರುವವನಿಗೆ ಆ ಗಿರಿಯೇ ಒಂದು ಮಹಾಸೋಪಾನವೆಂಬುದು ಬಹುಬೇಗ ಮನವರಿಕೆಯಾಗುತ್ತದೆ. ಕಡಿದಾದ ಒಂದು ಕರಿಯ ಗೋಡೆ, ಅದರ ನೆತ್ತಿಯ ಮೇಲೆ ಹುಲ್ಲು ಬೆಳೆದ ಸಮತಟ್ಟಾದ ಜಗಲಿ, ಮತ್ತೆ ಗೋಡೆ, ಮತ್ತೆ ಜಗಲಿ. ಹೀಗೆ ಒಂದರ ಮೇಲೊಂದಾಗಿ ಪೇರಿಸಿದ ಈ ಪದರಗಳಲ್ಲಿ ಒಂದೊಂದೂ ಒಂದು ಕಾಲಕ್ಕೆ ನೆಲದ ಬಿರುಕುಗಳಿಂದ ಉಕ್ಕಿ ಹರಿದು ಆರಿದ ಲಾವಾ ಪ್ರವಾಹ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಈ ಶಿಲಾರಾಶಿಗೆ ಭೂವಿಜ್ಞಾನಿಗಳು ‘ದಖನ್ ಟ್ರ್ಯಾಪ್’ ಎಂದು ಹೆಸರಿಟ್ಟುದು ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಪದವೊಂದರಿಂದ. ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಮೊದಲುಮಾಡಿ ಯಾವ ನದಿಯವರೆಗೆ ಹೇಳಿತೋ, ಆ ಗೋದಾವರಿಯ ಮೊದಲ ಹನಿಗಳು ಜಿನುಗುವುದೂ ಈ ಕರಿಕಲ್ಲಿನ ಸಂದಿನಿಂದಲೇ.

ಇದೇ ಕಲ್ಲು ಪೂರ್ವಕ್ಕೆ ಹಬ್ಬಿ, ಛತ್ರಪತಿ ಸಂಭಾಜಿನಗರದ ಬಳಿ ಎಲ್ಲೋರದ ಬೆಟ್ಟವಾಗಿದೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಶಿಲ್ಪಿಗಳು ಕೈಲಾಸ ದೇವಾಲಯವನ್ನು ನೆತ್ತಿಯಿಂದ ಪಾದದವರೆಗೆ ಕಡೆದು ಇಳಿಸಿದರಷ್ಟೆ. ಅವರ ಉಳಿ ತಾಕಿದುದು ಈ ಲಾವಾ ಪದರಗಳಿಗೇ. ಅಂತಹ ಗೋಡೆಯ ಹತ್ತಿರ ನಿಂತು, ಮೂರ್ತಿಯನ್ನು ಬಿಟ್ಟು ಕಲ್ಲನ್ನೇ ನೋಡುವ ತಾಳ್ಮೆಯುಳ್ಳವನಿಗೆ, ಎಳ್ಳುಕಾಳಿನಿಂದ ಹಿಡಿದು ಅವರೆಕಾಳಿನವರೆಗಿನ ಗಾತ್ರದ ಸಣ್ಣ ಸಣ್ಣ ಕುಳಿಗಳು ಕಾಣಸಿಗುತ್ತವೆ. ಲಾವಾ ಆರುತ್ತ ಬರುತ್ತಿದ್ದಾಗ ಅದರೊಳಗಿಂದ ಹೊರಬೀಳಲು ಹವಣಿಸಿ, ದಾರಿ ಸಾಕಾಗದೆ ಅಲ್ಲಿಯೇ ಸಿಕ್ಕಿಕೊಂಡ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳ ಗುರುತುಗಳು ಅವು. ಎಷ್ಟೋ ಕುಳಿಗಳಲ್ಲಿ ಆಮೇಲೆ ಬಿಳಿಯ ಹರಳುಗಳು ಬೆಳೆದಿವೆ. ಹರಳುಗಳ ಮಾತು ಮುಂದೆ ಬರುತ್ತದೆ. ಕಲ್ಲು ಅನಿಲವನ್ನು ಹಿಡಿದಿಡಬಲ್ಲುದು ಎಂಬ ಒಂದು ಸಂಗತಿಯನ್ನು ಮಾತ್ರ ಓದುಗರು ಈಗ ನೆನಪಿನಲ್ಲಿಟ್ಟುಕೊಂಡರೆ ಸಾಕು.

ಈ ಕರಿಕಲ್ಲಿನ ಹೊದಿಕೆಯ ಕೆಳಗೆ ಅದಕ್ಕಿಂತ ಪ್ರಾಚೀನವಾದ ಜಲಜಶಿಲೆಗಳು ಅಲ್ಲಲ್ಲಿ ಮುಚ್ಚಿಹೋಗಿವೆಯೆಂದು ಭೂಭೌತ ಸಮೀಕ್ಷೆಗಳು ಸೂಚಿಸುತ್ತವೆ. ಹಿಂದಿನ ಜೀವಿಗಳ ಅವಶೇಷಗಳಿಂದ ತೈಲವೂ ಅನಿಲವೂ ಉಂಟಾಗುವುದು ಅಂತಹ ಜಲಜಶಿಲೆಗಳಲ್ಲಿಯೇ ಆದುದರಿಂದ, ಇಡೀ ಪ್ರದೇಶವನ್ನು ‘ದಖನ್ ಸಿನೆಕ್ಲೈಸ್’ ಎಂಬ ಹೆಸರಿನಿಂದ ದೇಶದ ಅನಿಲ ತೈಲ ದ್ರೋಣಿಗಳ ಪಟ್ಟಿಗೆ ಸೇರಿಸಿದ್ದಾರೆ. ಆದರೆ ನೆಲದೊಳಕ್ಕೆ ಕಂಪನದ ಅಲೆಗಳನ್ನು ಕಳುಹಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಆಳದ ಚಿತ್ರವನ್ನು ಬಿಡಿಸುವ ವಿಧಾನಕ್ಕೆ ಈ ಲಾವಾ ಪದರಗಳು ದೊಡ್ಡ ವಿಘ್ನ. ಅಲೆಗಳನ್ನು ಅವು ಚದುರಿಸಿಬಿಡುತ್ತವೆ. ಹೀಗಾಗಿ ನಾಸಿಕದ ದ್ರಾಕ್ಷಿತೋಟಗಳ ನಡುವೆಯಾಗಲಿ, ಸಂಭಾಜಿನಗರದ ಹತ್ತಿಹೊಲಗಳ ನಡುವೆಯಾಗಲಿ, ಅನಿಲ ಬಾವಿಯ ಉಕ್ಕಿನ ಗೋಪುರ ಕಾಣುವುದಿಲ್ಲ. ಬಾವಿಯಿಲ್ಲದ ಈ ನಾಡಿಗೂ ಅನಿಲವು ಬಂದಿದೆ. 2018ರ ಒಂಬತ್ತನೆಯ ಸುತ್ತಿನ ಹಂಚಿಕೆಯಲ್ಲಿ ನಾಸಿಕ ಜಿಲ್ಲೆಯ ನಗರಾನಿಲ ವಿತರಣೆ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಸಂಸ್ಥೆಗೂ, ಅಂದು ಔರಂಗಾಬಾದೆಂದು ಕರೆಯುತ್ತಿದ್ದ ಜಿಲ್ಲೆಯದು ಭಾರತ್ ಪೆಟ್ರೋಲಿಯಮ್ಮಿಗೂ ಸಂದವು. ಮುಂಬಯಿಯಿಂದ ನಾಗಪುರಕ್ಕೆ ಹೋಗುವ ಗೇಲ್ ಸಂಸ್ಥೆಯ ಮಹಾಕೊಳವೆಯು ಸಮೃದ್ಧಿ ಹೆದ್ದಾರಿಯ ಮಗ್ಗುಲಲ್ಲಿಯೇ ನೆಲದೊಳಗೆ ಮಲಗಿಕೊಂಡು ಈ ಸೀಮೆಯನ್ನು ಹಾಯುತ್ತದೆ.

ನಾಸಿಕದಲ್ಲಿ, ವಿಜಯಪುರದ ಕಡೆಯಿಂದ ಹೋಗಿ ಮೂವತ್ತು ವರ್ಷಗಳಿಂದ ನೆಲೆಸಿರುವ ಪರಿಚಿತರೊಬ್ಬರ ಮನೆಯಲ್ಲಿ, ಅಡುಗೆಮನೆಗೆ ಕೊಳವೆಯ ಅನಿಲವನ್ನು ಜೋಡಿಸುವುದನ್ನು ನಾನು ನೋಡಿದ್ದೇನೆ. ಕೆಲಸಗಾರನು ಮೀಟರಿನಿಂದ ಒಲೆಯವರೆಗಿನ ಕೊಳವೆಯನ್ನು ಕೂಡಿಸಿ, ಒಂದು ಬಟ್ಟಲಲ್ಲಿ ಸೋಪಿನ ನೀರನ್ನು ಕದಡಿ, ಕುಂಚದಿಂದ ಒಂದೊಂದು ಕೀಲಿಗೂ ನೊರೆಯನ್ನು ಹಚ್ಚಿದನು. ಹಚ್ಚಿ, ಕುಕ್ಕುರುಗಾಲಿನಲ್ಲಿ ಕುಳಿತು, ಕಣ್ಣನ್ನು ಕೀಲಿಗೆ ಗೇಣಿನಷ್ಟು ಹತ್ತಿರ ತಂದು, ಒಂದು ನಿಮಿಷ ರೆಪ್ಪೆ ಬಡಿಯದೆ ನೋಡಿದನು. ನೊರೆಯು ಉಬ್ಬಲಿಲ್ಲ. “ಬುಡಬುಡಾ ನಾಹೀ”, ಗುಳ್ಳೆಯಿಲ್ಲ, ಎಂದು ಎದ್ದನು. ಮನೆಯ ತಾಯಿ “ಭಾವೂ” ಎಂದು ಕರೆದು ಅವನಿಂದ ಇನ್ನೊಮ್ಮೆ ನೋಡಿಸಿದರು. ನನ್ನ ಕಡೆಗೆ ತಿರುಗಿ, “ಕಣ್ಣಿಗೆ ಕಾಣೂದಿಲ್ಲ ನೋಡ್ರಿ, ಅದಕ್ಕ ಅಂಜಿಕಿ” ಎಂದರು. ಆ ತಾಯಿಯ ಅಂಜಿಕೆ ಯಥಾರ್ಥವಾದುದು. ಆದರೆ ಅವರ ಒಲೆಯ ಕೀಲಿಗೆ ಹಚ್ಚಿದ ನೊರೆಯನ್ನು ಆ ಅನಿಲವು ಹೊರಟು ಬಂದ ದಾರಿಯ ಉಳಿದ ಸಾವಿರಾರು ಕೀಲುಗಳಿಗೆ ಯಾರು ಹಚ್ಚಿದರು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಅಧ್ಯಾಯವೆಲ್ಲ ಆ ಪ್ರಶ್ನೆಯ ವಿಸ್ತಾರವೇ.

ನೈಸರ್ಗಿಕ ಅನಿಲವೆಂದರೆ ಬಹುಪಾಲು ಮೀಥೇನ್: ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಜಲಜನಕದ ಪರಮಾಣುಗಳು ಸೇರಿ ಆದ ಅಣು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 1776ರ ನವೆಂಬರಿನಲ್ಲಿ ಇಟಲಿಯ ಅಲೆಸ್ಸಾಂದ್ರೊ ವೋಲ್ಟಾ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕಲಕಿ, ಎದ್ದ ಗುಳ್ಳೆಗಳನ್ನು ಪಾತ್ರೆಯಲ್ಲಿ ಹಿಡಿದು, ಅದು ಉರಿಯುವ ವಾಯುವೆಂದು ಕಂಡುಕೊಂಡನು. ನಮ್ಮ ಹಳ್ಳಿಗಳ ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ಹುಟ್ಟುವುದೂ ಮುಖ್ಯವಾಗಿ ಇದೇ. ಇಂದು ಅಡುಗೆಮನೆಯಲ್ಲಿ ನಮ್ಮ ಮೂಗಿಗೆ ಬಡಿಯುವುದು ಅದರ ಸ್ವಂತ ವಾಸನೆಯಲ್ಲ; ಬೇಕೆಂದೇ ಬೆರೆಸಿದ ಗಂಧಕಯುಕ್ತ ದ್ರವ್ಯದ ನಾತ. ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ 1937ರ ಮಾರ್ಚ್ 18ರಂದು ವಾಸನೆಯಿಲ್ಲದ ಅನಿಲವು ಯಾರಿಗೂ ತಿಳಿಯದಂತೆ ತುಂಬಿಕೊಂಡು ಸಿಡಿದು, ಮುನ್ನೂರರ ಸಮೀಪ ಮಂದಿ, ಅವರಲ್ಲಿ ಹೆಚ್ಚಿನವರು ಮಕ್ಕಳು, ಪ್ರಾಣ ಕಳೆದುಕೊಂಡ ಮೇಲೆ ಈ ಎಚ್ಚರಿಕೆ ಕಡ್ಡಾಯವಾಯಿತು. ಆದರೆ ಬಾವಿಯ ಬಾಯಲ್ಲಿ ಹೊರಬೀಳುವ ಅನಿಲಕ್ಕೆ ಇನ್ನೂ ಈ ದ್ರವ್ಯ ಬೆರೆತಿರುವುದಿಲ್ಲವಾದುದರಿಂದ, ಅಲ್ಲಿ ಆಗುವ ಸೋರಿಕೆಯನ್ನು ನಾತ ಹಿಡಿದು ಕಂಡುಹಿಡಿಯುವ ಹಾಗಿಲ್ಲ.

ಒಲೆಯ ಮೇಲೆ ಈ ಅನಿಲ ನಿಜವಾಗಿಯೂ ಸೌಮ್ಯವಾದುದು. ನೀಲಿಯ ಜ್ವಾಲೆ, ಮಸಿಯಿಲ್ಲ, ಬೂದಿಯಿಲ್ಲ, ಅಷ್ಟೇ ಶಾಖಕ್ಕೆ ಕಲ್ಲಿದ್ದಲು ಉಗುಳುವ ಇಂಗಾಲದ ಡೈಆಕ್ಸೈಡಿನ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಇದರಿಂದ ಹೊರಬೀಳುತ್ತದೆ. ಸೌದೆಯ ಹೊಗೆಯಲ್ಲಿ ಕಣ್ಣನ್ನೂ ಶ್ವಾಸಕೋಶವನ್ನೂ ಸವೆಸಿದ ನಮ್ಮ ತಾಯಂದಿರನ್ನು ಕಂಡವರು ಈ ಜ್ವಾಲೆಯನ್ನು ಹಳಿಯಲಾರರು, ನಾನೂ ಹಳಿಯುವುದಿಲ್ಲ. ಆದರೆ ಉರಿದ ಮೀಥೇನ್ ಬೇರೆ, ಉರಿಯದೆ ಆಕಾಶಕ್ಕೆ ಸೇರಿದ ಮೀಥೇನ್ ಬೇರೆ. ಗಾಳಿಯಲ್ಲಿ ಅದರ ಆಯುಸ್ಸು ಹನ್ನೆರಡು ವರ್ಷಗಳ ಆಸುಪಾಸು ಮಾತ್ರವಾದರೂ, ಆ ಅಲ್ಪಾಯುಸ್ಸಿನಲ್ಲಿಯೇ ಅದು ಭೂಮಿಯ ಶಾಖವನ್ನು ಹಿಡಿದಿಡುವ ಬಲ ಎಷ್ಟು ತೀವ್ರವೆಂದರೆ, ಇಪ್ಪತ್ತು ವರ್ಷಗಳ ಅವಧಿಗೆ ಲೆಕ್ಕ ಹಾಕಿದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 82 ಕಿಲೋ ಇಂಗಾಲದ ಡೈಆಕ್ಸೈಡಿಗೂ, ನೂರು ವರ್ಷಗಳ ಅವಧಿಗೆ ಹಾಕಿದಲ್ಲಿ ಸುಮಾರು 30 ಕಿಲೋವಿಗೂ ಸಮನಾಗುತ್ತದೆ. 1750ರ ಸುಮಾರಿನಲ್ಲಿ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ 0.7 ಭಾಗದಷ್ಟಿದ್ದ ಮೀಥೇನ್ ಈಗ 1.9 ಭಾಗವನ್ನು ದಾಟಿದೆ.

ಲೆಕ್ಕವನ್ನು ಓದುಗರೇ ಕಾಗದದ ಮೇಲೆ ಮಾಡಿ ನೋಡಬಹುದು. ಬಾವಿಯಿಂದ ನೂರು ಕಿಲೋ ಮೀಥೇನ್ ಹೊರಟಿತೆನ್ನಿ. ದಾರಿಯಲ್ಲಿ ಮೂರು ಕಿಲೋ ಸೋರಿ, ತೊಂಬತ್ತೇಳು ಕಿಲೋ ಒಲೆಗೆ ಬಂದು ಉರಿಯಿತೆನ್ನಿ. ಉರಿದ ಒಂದೊಂದು ಕಿಲೋವೂ 2.75 ಕಿಲೋ ಇಂಗಾಲದ ಡೈಆಕ್ಸೈಡನ್ನು ಕೊಡುವುದರಿಂದ ಒಲೆಯ ಪಾಲು ಸುಮಾರು 267 ಕಿಲೋ. ಸೋರಿದ ಮೂರು ಕಿಲೋವನ್ನು 82ರಿಂದ ಗುಣಿಸಿದರೆ 246 ಕಿಲೋ. ಕಣ್ಣಿಗೆ ಕಾಣದೆ ಹೋದ ಆ ಮೂರು ಕಿಲೋ, ಕಣ್ಣೆದುರು ಉರಿದ ತೊಂಬತ್ತೇಳು ಕಿಲೋವಿಗೆ ಹೆಚ್ಚುಕಡಮೆ ಸರಿಸಾಟಿಯಾಗಿ ನಿಂತಿತು! ವಿದ್ಯುತ್ತಿನ ಉತ್ಪಾದನೆಯಲ್ಲಿ ಕಲ್ಲಿದ್ದಲನ್ನು ಬಿಟ್ಟು ಅನಿಲವನ್ನು ಹಿಡಿದುದರಿಂದ ಮೊದಲ ದಿನದಿಂದಲೇ ಲಾಭವಾಗಬೇಕಾದರೆ ಸೋರಿಕೆಯು ನೂರಕ್ಕೆ 3.2ನ್ನು ಮೀರಕೂಡದೆಂದು 2012ರಲ್ಲಿ ಅಮೆರಿಕದ ಸಂಶೋಧಕರು ಗಣಿಸಿದ್ದರ ಮರ್ಮವೂ ಇದೇ. ಅನಿಲವು ನಿರ್ಮಲವೋ ಅಲ್ಲವೋ ಎಂಬುದನ್ನು ಒಲೆಯ ಜ್ವಾಲೆ ತೀರ್ಮಾನಿಸಲಾರದು. ಅದು ತೀರ್ಮಾನವಾಗುವುದು ಕೊಳವೆಯ ಇನ್ನೊಂದು ತುದಿಯಲ್ಲಿ.

ಆ ತುದಿಯಲ್ಲಿ ಬಾವಿ ಇದೆ. ಹಳೆಯ ಬಗೆಯ ಬಾವಿಯಲ್ಲಿ ಅನಿಲವು ಮರಳುಗಲ್ಲಿನ ರಂಧ್ರಗಳಿಂದ ತಾನಾಗಿ ಹರಿದು ಬರುತ್ತದೆ. ಆದರೆ ಶೇಲ್ ಎಂಬ ನುಣ್ಣನೆಯ ಪದರಗಲ್ಲಿನಲ್ಲಿ ಹುಟ್ಟಿದ ಅನಿಲಕ್ಕೆ ಹರಿಯಲು ದಾರಿಯಿಲ್ಲ. ಆದುದರಿಂದ ಎರಡು ಮೂರು ಕಿಲೋಮೀಟರ್ ನೇರವಾಗಿ ಕೊರೆದು, ಅಲ್ಲಿಂದ ಪದರದ ಉದ್ದಕ್ಕೂ ಅಡ್ಡಡ್ಡಲಾಗಿ ಕೊರೆದು, ಮರಳನ್ನೂ ರಾಸಾಯನಿಕಗಳನ್ನೂ ಬೆರೆಸಿದ ನೀರನ್ನು ಭಯಂಕರವಾದ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುತ್ತಾರೆ. ಸೀಳಿನಲ್ಲಿ ಸೇರಿದ ಮರಳಿನ ಕಣಗಳು ಅದು ಮತ್ತೆ ಮುಚ್ಚಿಕೊಳ್ಳದಂತೆ ತಡೆಯುತ್ತವೆ. ಫ್ರಾಕಿಂಗ್ ಎಂಬುದು ಇದೇ. 1947ರಲ್ಲಿ ಅಮೆರಿಕದ ಕಾನ್ಸಾಸಿನಲ್ಲಿ ಪ್ರಯೋಗವಾಗಿ ಮೊದಲಾದ ಈ ವಿದ್ಯೆ, ತೊಂಬತ್ತರ ದಶಕದ ಕೊನೆಗೆ ಟೆಕ್ಸಾಸಿನ ಬಾರ್ನೆಟ್ ಶೇಲಿನಲ್ಲಿ ಜಾರ್ಜ್ ಮಿಚೆಲ್ಲನ ಸಂಸ್ಥೆಯ ಕೈಯಲ್ಲಿ ಪಳಗಿತು. ಒಂದೊಂದು ಬಾವಿಗೆ ಕೋಟಿಗಟ್ಟಲೆ ಲೀಟರ್ ನೀರು ಬೇಕು. ಜಾಯಕವಾಡಿಯ ಜಲಾಶಯವು ಕೂಗಳತೆಯಲ್ಲಿದ್ದಂತಿದ್ದರೂ ನಲ್ಲಿಯ ನೀರಿಗಾಗಿ ದಿನಗಟ್ಟಲೆ ಕಾಯುವ ಸಂಭಾಜಿನಗರದವರಿಗೆ ಈ ಅಂಕಿಯ ಭಾರವನ್ನು ಯಾರೂ ವಿವರಿಸಬೇಕಾಗಿಲ್ಲ.

ಸೋರುವುದು ಎಲ್ಲಿ? ಸೀಳಿದ ಮೇಲೆ ಒಳಗೆ ನುಗ್ಗಿಸಿದ ನೀರಿನಲ್ಲಿ ಒಂದು ಪಾಲು ಮರಳಿ ಮೇಲಕ್ಕೆ ಬರುತ್ತದೆ. ಸೋಡಾ ಬಾಟಲಿಯ ಬಿರಡೆ ಕಿತ್ತಾಗ ಆಗುವಂತೆ ಅದರೊಡನೆ ಅನಿಲವೂ ಬುರುಗುಟ್ಟುತ್ತ ಏಳುತ್ತದೆ. ಅದನ್ನು ಬೇರ್ಪಡಿಸಿ ಹಿಡಿಯುವ ಸಲಕರಣೆಯಿಲ್ಲದ ಕಡೆ ದಿನಗಟ್ಟಲೆ ಗಾಳಿಗೆ ಬಿಟ್ಟುಬಿಡುತ್ತಿದ್ದರು. ಬಾವಿಯ ಉಕ್ಕಿನ ಕೊಳವೆಗೂ ಸುತ್ತಲಿನ ಬಂಡೆಗೂ ನಡುವೆ ಸುರಿದ ಸಿಮೆಂಟು ಕೂದಲೆಳೆಯಷ್ಟು ಬಿರಿದರೂ ಆ ಸಂದಿನಲ್ಲಿ ಅನಿಲವು ವರ್ಷಗಟ್ಟಲೆ ಮೇಲೇರಬಲ್ಲುದು. ವಿದ್ಯುತ್ತಿಲ್ಲದ ಬಯಲಿನಲ್ಲಿ ವಾಲ್ವುಗಳನ್ನು ತೆರೆದು ಮುಚ್ಚಲು ಅನಿಲದ ಒತ್ತಡವನ್ನೇ ಬಳಸುವ ಪುಟ್ಟ ಯಂತ್ರಗಳಿವೆ. ಅವು ಒಂದೊಂದು ಸಲ ಕೆಲಸ ಮಾಡಿದಾಗಲೂ ಒಂದು ಉಸಿರಿನಷ್ಟು ಮೀಥೇನನ್ನು ಹೊರಬಿಡುತ್ತವೆ. ಕೆಟ್ಟುದರಿಂದ ಅಲ್ಲ, ಹಾಗೆಯೇ ಕೆಲಸ ಮಾಡುವಂತೆ ಅವನ್ನು ನಿರ್ಮಿಸಿದುದರಿಂದ. ಇವುಗಳ ಮೇಲೆ ಕಂಪ್ರೆಸರುಗಳ ಸವೆದ ಮುಚ್ಚಳಗಳು, ತೈಲದ ತೊಟ್ಟಿಗಳ ನೆತ್ತಿಯ ಕಂಡಿಗಳು, ಅನಿಲವನ್ನು ಉರಿಸಿಬಿಡಲು ಹಚ್ಚಿಟ್ಟು, ಆರಿಹೋದುದನ್ನು ಯಾರೂ ಗಮನಿಸದ ದೀವಟಿಗೆಗಳು, ಫಸಲು ಮುಗಿದ ಮೇಲೆ ಮುಚ್ಚದೆ ಬಿಟ್ಟುಹೋದ ಹಳೆಯ ಬಾವಿಗಳು.

ಇವೆಲ್ಲವನ್ನೂ ಕೂಡಿಸಿದರೆ ಎಷ್ಟು ಎಂಬ ವಿಷಯದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಹೋವರ್ತ್ ಮತ್ತು ಸಂಗಡಿಗರು, ಶೇಲ್ ಬಾವಿಯ ಇಡೀ ಆಯುಸ್ಸಿನ ಉತ್ಪನ್ನದಲ್ಲಿ ನೂರಕ್ಕೆ 3.6ರಿಂದ 7.9ರಷ್ಟು ಸೋರಿಹೋಗುವುದೆಂದು ಅಂದಾಜು ಮಾಡಿದಾಗ, ಉದ್ಯಮದವರಷ್ಟೇ ಅಲ್ಲ, ಅದೇ ವಿಶ್ವವಿದ್ಯಾನಿಲಯದ ಕೆಲವು ವಿದ್ವಾಂಸರೂ ಅದನ್ನು ವಿರೋಧಿಸಿದರು. ಆ ಅಂಕಿಗಳು ಅತಿಯಾಗಿದ್ದಿರಬಹುದು. ಆದರೆ ಆ ಲೇಖನವಿಲ್ಲದಿದ್ದರೆ ವಿಮಾನಗಳೂ ಮಾಪಕಗಳನ್ನು ಹೊತ್ತ ವಾಹನಗಳೂ ಅಷ್ಟು ಬೇಗ ಬಾವಿಗಳ ಕಡೆಗೆ ಹೊರಡುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. 2018ರಲ್ಲಿ ರಾಮೋನ್ ಆಲ್ವಾರೆಜ್ ಮತ್ತು ಸಂಗಡಿಗರು ಅಂತಹ ಅಳತೆಗಳನ್ನೆಲ್ಲ ಕಲೆಹಾಕಿ, ಅಮೆರಿಕದ ಅನಿಲೋತ್ಪಾದನೆಯಲ್ಲಿ ನೂರಕ್ಕೆ 2.3ರಷ್ಟು ಸೋರುತ್ತಿದೆಯೆಂದೂ, ಅದು ಅಲ್ಲಿನ ಸರಕಾರಿ ಲೆಕ್ಕಕ್ಕಿಂತ ಶೇಕಡ 60ರಷ್ಟು ಅಧಿಕವೆಂದೂ ತೋರಿಸಿದರು. ಕಾಗದದ ಮೇಲಿನ ಲೆಕ್ಕವು ಪ್ರತಿಯೊಂದು ಯಂತ್ರವೂ ಸರಿಯಾಗಿದೆಯೆಂದು ನಂಬಿ ಹಾಕಿದುದು. ವಾಸ್ತವದಲ್ಲಿ ಸೋರಿಕೆಯ ದೊಡ್ಡ ಪಾಲು ಬರುತ್ತಿದ್ದುದು ಕೆಟ್ಟ ಕೆಲವೇ ಸ್ಥಳಗಳಿಂದ. ಈ ಮಾತು ನನಗೆ ಆಶಾದಾಯಕವಾಗಿ ಕಾಣುತ್ತದೆ, ಏಕೆಂದರೆ ಕೆಲವೇ ಸ್ಥಳಗಳ ದೋಷವನ್ನು ಹುಡುಕಿ ತಿದ್ದಬಹುದು. ಹುಡುಕುವ ಮನಸ್ಸಿರಬೇಕು, ಅಷ್ಟೆ.

ನಮ್ಮ ದೇಶದಲ್ಲಿ ಓ.ಎನ್.ಜಿ.ಸಿ. ಸಂಸ್ಥೆಯು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿಯ ಇಚ್ಛಾಪುರದಲ್ಲಿ ಮೊದಲ ಬಾರಿಗೆ ಶೇಲ್ ಅನಿಲವನ್ನು ಹೊರತೆಗೆದರೂ, ಆ ಉದ್ಯಮವು ಇಲ್ಲಿ ಬೆಳೆಯಲಿಲ್ಲ. ಆದರೆ ಬಾವಿಯೊಂದು ಕೈಮೀರಿದರೆ ಏನಾಗುವುದೆಂಬುದನ್ನು ನಾವು ಅಸ್ಸಾಮಿನಲ್ಲಿ ಕಂಡಿದ್ದೇವೆ. 2020ರ ಮೇ 27ರಂದು ತಿನ್ಸುಕಿಯಾ ಜಿಲ್ಲೆಯ ಬಾಘ್‌ಜಾನಿನಲ್ಲಿ ಆಯಿಲ್ ಇಂಡಿಯಾದ ಐದನೆಯ ಬಾವಿಯು ಸಿಡಿದು, ಜೂನ್ 9ರವರೆಗೆ ಹದಿಮೂರು ದಿನ ಅನಿಲವು ಉರಿಯದೆ ಭೋರ್ಗರೆಯುತ್ತ ಹೊರಬಿದ್ದಿತು. ಅಂದು ಹೊತ್ತಿಕೊಂಡ ಬೆಂಕಿಯಲ್ಲಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಮಡಿದರು, ಮನೆಗಳು ಸುಟ್ಟವು, ಸಾವಿರಾರು ಜನ ಶಿಬಿರಗಳನ್ನು ಸೇರಿದರು, ನವೆಂಬರ್ ತಿಂಗಳ ನಡುವಿನವರೆಗೆ ಬಾವಿಯನ್ನು ಮುಚ್ಚಲಾಗಲಿಲ್ಲ. ನೆರೆಹೊರೆಯವರ ಪಾಲಿಗೆ ಬೆಂಕಿಯ ತಿಂಗಳುಗಳು ಘೋರವಾದುವು; ಆಕಾಶದ ಪಾಲಿಗೆ, ಬೆಂಕಿಯಿಲ್ಲದ ಆ ಹದಿಮೂರು ದಿನಗಳಲ್ಲಿ ದಿನವೊಂದಕ್ಕೆ ಬಿದ್ದ ಭಾರವೇ ಹಿರಿದು. ಈ ಎರಡು ದುಃಖಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಎರಡನೆಯದನ್ನು ಅಂದು ಎಣಿಸಿದವರು ವಿರಳ.

ದೂರದ ಅಮೆರಿಕದ ಶೇಲ್ ಬಾವಿಗೂ ನಾಸಿಕದ ಅಡುಗೆಮನೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಭಾರತವು ಬಳಸುವ ನೈಸರ್ಗಿಕ ಅನಿಲದಲ್ಲಿ ಅರ್ಧದಷ್ಟು ಹಡಗಿನಲ್ಲಿ ಬರುತ್ತದೆ, ಸೊನ್ನೆಗಿಂತ 160 ಡಿಗ್ರಿ ಕೆಳಗೆ ತಂಪಾಗಿಸಿದ ದ್ರವವಾಗಿ. 2018ರ ಮಾರ್ಚ್ 30ರಂದು, ಅಮೆರಿಕದ ಸಬೀನ್ ಪಾಸಿನಿಂದ ಹೊರಟ, ದೀರ್ಘಕಾಲದ ಒಪ್ಪಂದದ ಮೊದಲ ಹಡಗು ರತ್ನಾಗಿರಿ ಜಿಲ್ಲೆಯ ದಾಭೋಳಕ್ಕೆ ಬಂದು ನಿಂತಿತು. ದಾಭೋಳದಿಂದ ಒಂದು ಮಹಾಕೊಳವೆ ಬೆಳಗಾವಿ, ಧಾರವಾಡಗಳ ಮೂಲಕ ಬೆಂಗಳೂರಿಗೆ ಬರುತ್ತದೆ; ದೇಶದ ಕೊಳವೆಗಳೆಲ್ಲ ಒಂದಕ್ಕೊಂದು ಹೆಣೆದುಕೊಳ್ಳುತ್ತಿವೆ. ಅಣುವಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ನಾಸಿಕದ ಆ ತಾಯಿಯ ಒಲೆಯಲ್ಲಿಯಾಗಲಿ, ಬೆಂಗಳೂರಿನ ನನ್ನ ಒಲೆಯಲ್ಲಿಯಾಗಲಿ, ಉರಿಯುವ ಅನಿಲದ ಒಂದಂಶ ಟೆಕ್ಸಾಸಿನ ಸೀಳಿದ ಕಲ್ಲಿನಿಂದ ಬಂದಿರಬಹುದು. ಹಾಗೆ ಬಂದಿದ್ದರೆ ಅಲ್ಲಿ ಸೋರಿದುದರಲ್ಲಿ ನಮ್ಮ ಪಾಲೂ ಉಂಟು.

ನಮ್ಮದೇ ಅಂಗಳದ ಮೀಥೇನನ್ನೂ ಮರೆಯಬಾರದು. ಸರಕಾರವು ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿಯಂತೆ 2016ರಲ್ಲಿ ಭಾರತದ ಮೀಥೇನಿನಲ್ಲಿ ಶೇಕಡ 74ರಷ್ಟು ದನಕರುಗಳನ್ನೂ ಭತ್ತದ ಗದ್ದೆಗಳನ್ನೂ ಒಳಗೊಂಡ ಕೃಷಿಯದು. ಶೇಕಡ 14ಕ್ಕೂ ಮಿಕ್ಕಿ ಕಸ ಮತ್ತು ಕೊಳಚೆಯದು. ಕಲ್ಲಿದ್ದಲು, ತೈಲ, ಅನಿಲಗಳ ಪಾಲು ಶೇಕಡ 11ರ ಒಳಗೆ. ಸಂಭಾಜಿನಗರದ ಕಸವು ದಶಕಗಳ ಕಾಲ ನಾರೇಗಾಂವಿನಲ್ಲಿ ಗುಡ್ಡವಾಗಿ ಬೆಳೆಯಿತು. ಗಾಳಿ ಸೇರದ ಒಡಲಲ್ಲಿ ಕೊಳೆಯುವ ಅಂತಹ ಗುಡ್ಡವೂ ಒಂದು ಅನಿಲ ಬಾವಿಯೇ, ಮುಚ್ಚಳವಿಲ್ಲದ ಬಾವಿ. ನಾತವನ್ನೂ ಹೊಗೆಯನ್ನೂ ಕೆಟ್ಟ ನೀರನ್ನೂ ಸಹಿಸಿ ಸಾಕಾದ ಸುತ್ತಲಿನ ಹಳ್ಳಿಗರು 2018ರ ಫೆಬ್ರವರಿಯಲ್ಲಿ ಕಸದ ಗಾಡಿಗಳನ್ನು ತಡೆದು ನಿಲ್ಲಿಸಿದಾಗ ಇಡೀ ನಗರವು ತಿಂಗಳುಗಟ್ಟಲೆ ತನ್ನ ಕಸದ ನಡುವೆಯೇ ಬಾಳಬೇಕಾಯಿತು. ಆ ಬೇಗೆಯಿಂದಲೇ ನಗರದ ಕಾಂಚನವಾಡಿಯಲ್ಲಿ ದಿನಕ್ಕೆ 30 ಟನ್ ಹಸಿಕಸದಿಂದ ಅನಿಲವನ್ನು ಪಡೆಯುವ ಸ್ಥಾವರ ಹುಟ್ಟಿತು. ನಾಸಿಕದವರು ಅದಕ್ಕೂ ಮೊದಲೇ, 2017ರಲ್ಲಿ, ಜರ್ಮನಿಯ ನೆರವಿನಿಂದ, ಹೋಟೆಲುಗಳ ಎಂಜಲನ್ನೂ ಸಾರ್ವಜನಿಕ ಶೌಚಾಲಯಗಳ ಮಲವನ್ನೂ ಒಂದೇ ತೊಟ್ಟಿಯಲ್ಲಿ ಹುದುಗಿಸಿ ವಿದ್ಯುತ್ತನ್ನು ಮಾಡುವ ಸ್ಥಾವರವನ್ನು ಕಟ್ಟಿದ್ದರು. ನೆಲವನ್ನು ಕೊರೆಯದೆ, ಕಲ್ಲನ್ನು ಸೀಳದೆ ಪಡೆದ ಮೀಥೇನ್ ಇದು. ಹಿಡಿಯದಿದ್ದರೆ ಹೇಗೂ ಆಕಾಶಕ್ಕೆ ಹೋಗುತ್ತಿದ್ದುದು. ಇಂತಹ ಸ್ಥಾವರ ನಮ್ಮ ಒಂದೊಂದು ಪಟ್ಟಣಕ್ಕೂ ಬೇಕು. ಆದರೆ ಇದರ ತೊಟ್ಟಿಯೂ ಸೋರಬಾರದು. ಸೋಪಿನ ನೀರಿನ ನಿಯಮ ಇಲ್ಲಿಗೂ ಅನ್ವಯಿಸುತ್ತದೆ.

ಕರಿಕಲ್ಲಿನ ಕುಳಿಗಳಲ್ಲಿ ಬೆಳೆದ ಹರಳುಗಳ ಮಾತನ್ನು ಮುಂದಕ್ಕೆ ಹಾಕಿದ್ದೆನಷ್ಟೆ. ಅವುಗಳಲ್ಲಿ ಅನೇಕವು ಜಿಯೋಲೈಟುಗಳು. ನಾಸಿಕದ ಪಾಂಡವಲೇಣಿಯ ಆಸುಪಾಸಿನ ಕಲ್ಲುಗಣಿಗಳಿಂದ ಬಂದ, ಸೂಜಿಗಳ ಗೊಂಚಲಿನಂತಹ ಸ್ಕೋಲೆಸೈಟ್ ಹರಳುಗಳನ್ನು ಜಗತ್ತಿನ ವಸ್ತುಸಂಗ್ರಹಾಲಯಗಳು ಆದರದಿಂದ ಇರಿಸಿಕೊಂಡಿವೆ. ಜಿಯೋಲೈಟಿನ ಒಡಲು ಅಣುಗಾತ್ರದ ರಂಧ್ರಗಳ ಜೇನುಹುಟ್ಟು. ಅಮೆರಿಕದ ಎಂ.ಐ.ಟಿ.ಯಲ್ಲಿ ದೆಸಿರೇ ಪ್ಲಾಟಾ ಅವರ ತಂಡವು 2022ರಲ್ಲಿ, ತಾಮ್ರವನ್ನು ಸೇರಿಸಿದ ಅಗ್ಗದ ಜಿಯೋಲೈಟನ್ನು ಸುಮಾರು 300 ಡಿಗ್ರಿಗೆ ಕಾಯಿಸಿ ಅದರ ಮೂಲಕ ಗಾಳಿಯನ್ನು ಹಾಯಿಸಿದರೆ, ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಮೀಥೇನೂ ಇಂಗಾಲದ ಡೈಆಕ್ಸೈಡಾಗಿ ಮಾರ್ಪಡುವುದೆಂದು ತೋರಿಸಿತು. ಪ್ರಯೋಗಶಾಲೆಯ ಈ ಯಶಸ್ಸು ಗಣಿ ಕೊಟ್ಟಿಗೆಗಳ ಗಾಳಿಯನ್ನು ಶುದ್ಧಿಮಾಡುವ ದಿನ ಬರಲಿ. ಆದರೆ ಚೆಲ್ಲಿದುದನ್ನು ಬಳಿಯುವುದಕ್ಕಿಂತ ಚೆಲ್ಲದಂತೆ ಹಿಡಿಯುವುದು ಸುಲಭವೆಂಬುದು ಹಾಲು ಕಾಯಿಸುವ ಎಲ್ಲರಿಗೂ ಗೊತ್ತು.

2024ರಲ್ಲಿ ಐರೋಪ್ಯ ಒಕ್ಕೂಟವು, ತನ್ನಲ್ಲಿಗೆ ಅನಿಲವನ್ನು ತರುವವರು ಅದರ ಹಿಂದಿನ ಮೀಥೇನ್ ಸೋರಿಕೆಯನ್ನು ಅಳೆದು ವರದಿಮಾಡಬೇಕೆಂಬ ಕಾನೂನನ್ನು ಮಾಡಿತು. ಹಡಗುಗಟ್ಟಲೆ ಅನಿಲವನ್ನು ಕೊಳ್ಳುವ ನಾವೂ ಕೊಳ್ಳುವ ಪತ್ರದಲ್ಲಿಯೇ ಹಾಗೆ ಕೇಳಬಹುದು. ಮನೆಮನೆಗೆ ಬರುವ ಅನಿಲದ ಬಿಲ್ಲಿನಲ್ಲಿ ಈಗ ಎಷ್ಟು ಉರಿಸಿದಿರೆಂಬುದು ಮಾತ್ರ ಇರುತ್ತದೆ; ಬಾವಿಯಿಂದ ಒಲೆಯವರೆಗೆ ಬರುವಾಗ ಎಷ್ಟು ಸೋರಿತೆಂಬ ಒಂದು ಸಾಲನ್ನೂ ಅದರ ಕೆಳಗೆ ಬರೆಯಬೇಕೆಂದು ನಾಸಿಕದವರೂ ಸಂಭಾಜಿನಗರದವರೂ, ಬೆಳಗಾವಿ ಬೆಂಗಳೂರುಗಳಲ್ಲಿರುವ ನಾವೂ, ಅನಿಲ ಕೊಡುವವರನ್ನು ಒತ್ತಾಯಿಸೋಣ.